ಕಾಲೇಜ್ ಕಪ್ ನೋಡುವುದು ಹೇಗೆ? ಅಮೆರಿಕದ ಕಾಲೇಜು ಸಾಕರ್ ಟೂರ್ನಿಗೊಂದು ಮಾರ್ಗದರ್ಶಿ

ಪ್ರತಿ ವರ್ಷ ನವೆಂಬರ್ ಮೂರನೇ ವಾರ ಶುರುವಾಗಿ ಡಿಸೆಂಬರ್ ಮಧ್ಯಕ್ಕೆ ಮುಗಿಯುವ ಒಂದು ಒಳ್ಳೆಯ ಫುಟ್‌ಬಾಲ್ ಟೂರ್ನಿ ಅಮೆರಿಕದಲ್ಲಿದೆ. ಅಲ್ಲಿಯವರೇ ಎಷ್ಟೋ ಜನ ಅದರ ಕಡೆ ತಿರುಗಿ ನೋಡುವುದಿಲ್ಲ. ಆ ಹೊತ್ತಿಗೆ ಟಿವಿ ತುಂಬ ಹೆಲ್ಮೆಟ್ ಹಾಕಿಕೊಂಡು ಆಡುವ ಫುಟ್‌ಬಾಲ್ ಇರುತ್ತದೆ. ಬ್ಯಾಸ್ಕೆಟ್‌ಬಾಲ್ ಸೀಸನ್ನೂ ಶುರುವಾಗಿರುತ್ತದೆ. ಇವೆರಡರ ಮಧ್ಯೆ ಸಿಕ್ಕಿಕೊಂಡಿರುವುದು ಎನ್‌ಸಿಎಎ (ಅಲ್ಲಿನ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ) ಡಿವಿಷನ್ 1 ಪುರುಷರ ಸಾಕರ್ ಚಾಂಪಿಯನ್‌ಶಿಪ್. 1959ರಿಂದ ನಡೆಯುತ್ತಿದೆ. ಕೊನೆಯ ನಾಲ್ಕು ತಂಡಗಳು ಸೇರುವ ಘಟ್ಟಕ್ಕೆ ಕಾಲೇಜ್ ಕಪ್ ಎಂದು ಹೆಸರು.

ಅಮೆರಿಕದಲ್ಲಿ ಓದುತ್ತಿರುವ, ಕೆಲಸದಲ್ಲಿರುವ ಕನ್ನಡಿಗರಿಗೆ ಇದು ಕೈಗೆಟಕುವ ಆಟ. ದೊಡ್ಡ ಲೀಗ್‌ಗಳಿಗೆ ಹೋಲಿಸಿದರೆ ಟಿಕೆಟ್ ಅಗ್ಗ. ಮೈದಾನ ಚಿಕ್ಕದು. ಗೋಲಿ ತನ್ನ ಡಿಫೆಂಡರ್‌ಗಳನ್ನು ಬೈಯುವುದೂ ನಿಮಗೆ ಕೇಳಿಸುತ್ತದೆ. ಊರಲ್ಲೇ ಕೂತು ನೋಡುವವರಿಗೂ ದಾರಿ ಇದೆ, ಅದನ್ನು ಕೊನೆಗೆ ಹೇಳುತ್ತೇನೆ.

ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಹೊಸಬರು ಫೈನಲ್‌ಗೆ ಪ್ಲಾನ್ ಮಾಡುತ್ತಾರೆ. ನೀವು ನವೆಂಬರ್‌ನ ಪಂದ್ಯಗಳಿಗೆ ಪ್ಲಾನ್ ಮಾಡಿ. ಈ ಟೂರ್ನಿಯ ಮಜಾ ಇರುವುದು ಕ್ಯಾಂಪಸ್ ಮೈದಾನಗಳಲ್ಲಿ, ಸೋತವರು ಅವತ್ತೇ ಮನೆಗೆ ಹೋಗುವ ಆ ಮೊದಲ ಎರಡು ಮೂರು ಸುತ್ತುಗಳಲ್ಲಿ. ಕೆಳಗಿನ ಹಂತಗಳನ್ನೆಲ್ಲ ಇದನ್ನೇ ತಲೆಯಲ್ಲಿಟ್ಟುಕೊಂಡು ಬರೆದಿದ್ದೇನೆ.

ಹಂತ 1: ಸರಿಯಾದ ಟೂರ್ನಿಯನ್ನೇ ಹುಡುಕಿ

ಎನ್‌ಸಿಎಎ ಒಂದೇ ಸಂಸ್ಥೆಯಾದರೂ ಅದರ ಕೆಳಗೆ ಮೂರು ಡಿವಿಷನ್‌ಗಳಿವೆ. ಮೂರಕ್ಕೂ ಬೇರೆ ಬೇರೆ ಟೂರ್ನಿ. ಮಹಿಳೆಯರದು ಮತ್ತೆ ಪ್ರತ್ಯೇಕ. ಎಲ್ಲವೂ ಹೆಚ್ಚುಕಡಿಮೆ ಅದೇ ವಾರಗಳಲ್ಲಿ ನಡೆಯುತ್ತವೆ. ಹಾಗಾಗಿ ಸ್ಕೋರ್ ನೋಡುವಾಗ ಡಿವಿಷನ್ 1, ಮೆನ್ಸ್ ಸಾಕರ್ ಎಂದು ಎರಡನ್ನೂ ಆಯ್ಕೆ ಮಾಡಿಕೊಳ್ಳಿ. ಸುಮ್ನೆ ಕಾಲೇಜ್ ಫುಟ್‌ಬಾಲ್ ಎಂದು ಹುಡುಕಿದರೆ ಹೆಲ್ಮೆಟ್‌ನವರ ಆಟವೇ ಬರುತ್ತದೆ.

ಪುರುಷರ ಡಿವಿಷನ್ 1 ಟೂರ್ನಿಯಲ್ಲಿ 48 ತಂಡ, ಮಹಿಳೆಯರದರಲ್ಲಿ 64. ಕಣ್ಣ ಮುಂದಿರುವ ಪಟ್ಟಿಯಲ್ಲಿ 64 ತಂಡಗಳಿದ್ದರೆ ನೀವು ಬೇರೆ ಪುಟದಲ್ಲಿದ್ದೀರಿ.

ಹಂತ 2: ನಿಮ್ಮ ಯೂನಿವರ್ಸಿಟಿಗೆ ತಂಡ ಇದೆಯಾ ನೋಡಿಕೊಳ್ಳಿ

ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ನಮ್ಮ ಹುಡುಗರು ಎಂಎಸ್ ಮಾಡಲು ಹೋಗುವ ಕೆಲವು ದೊಡ್ಡ ಯೂನಿವರ್ಸಿಟಿಗಳಿಗೆ ಪುರುಷರ ಸಾಕರ್ ತಂಡವೇ ಇಲ್ಲ. ಆಸ್ಟಿನ್‌ನ ಟೆಕ್ಸಸ್ ಯೂನಿವರ್ಸಿಟಿ, ಟೆಕ್ಸಸ್ ಎ ಅಂಡ್ ಎಂ, ಅರಿಜೋನಾ ಸ್ಟೇಟ್, ಲಾಸ್ ಏಂಜಲೀಸ್‌ನ ಯುಎಸ್‌ಸಿ, ಫ್ಲೋರಿಡಾ ಯೂನಿವರ್ಸಿಟಿ, ಇವು ಯಾವುದಕ್ಕೂ ಎನ್‌ಸಿಎಎ ಮಟ್ಟದ ಪುರುಷರ ತಂಡ ಇಲ್ಲ. ವಿದ್ಯಾರ್ಥಿಗಳೇ ನಡೆಸುವ ಕ್ಲಬ್ ತಂಡ ಇರಬಹುದು, ಆದರೆ ಅದು ಈ ಟೂರ್ನಿಗೆ ಬರುವುದಿಲ್ಲ. ಬಫಲೋ ಯೂನಿವರ್ಸಿಟಿಗೆ ತಂಡ ಇತ್ತು, 2017ರಲ್ಲಿ ಕೈಬಿಟ್ಟರು.

ಇದಕ್ಕೆ ಕಾರಣ ದುಡ್ಡು ಮತ್ತು ಕಾನೂನು ಎರಡೂ. 1972ರ ಟೈಟಲ್ 9 ಎಂಬ ಕಾನೂನಿನ ಪ್ರಕಾರ ಸರ್ಕಾರಿ ನೆರವು ಪಡೆಯುವ ಕಾಲೇಜುಗಳು ಹುಡುಗ ಹುಡುಗಿಯರಿಗೆ ಕ್ರೀಡೆಯಲ್ಲೂ ಸಮಾನ ಅವಕಾಶ ಕೊಡಬೇಕು. ಅಮೆರಿಕನ್ ಫುಟ್‌ಬಾಲ್ ತಂಡವೊಂದೇ ನೂರರಷ್ಟು ಹುಡುಗರ ಜಾಗ ತಿಂದುಬಿಡುತ್ತದೆ. ಫುಟ್‌ಬಾಲ್‌ನಿಂದ ಕೋಟಿಗಟ್ಟಲೆ ಬರುತ್ತದೆ, ಅದನ್ನು ಯಾರೂ ಮುಟ್ಟುವುದಿಲ್ಲ. ಆಗ ಏಟು ಬೀಳುವುದು ಪುರುಷರ ಸಾಕರ್, ಕುಸ್ತಿಯಂಥ ಆಟಗಳಿಗೆ. ಬೈಯುವವರು ಕಾನೂನನ್ನೇ ಬೈಯುತ್ತಾರೆ. ನನಗೇನೋ ತಪ್ಪು ಫುಟ್‌ಬಾಲ್ ಬಜೆಟ್ಟಿನದೇ ಅನಿಸುತ್ತದೆ. ಡಿವಿಷನ್ 1ರಲ್ಲಿ ಪುರುಷರ ಸಾಕರ್ ಇರುವುದು ಸುಮಾರು 200 ಕಾಲೇಜುಗಳಲ್ಲಿ. ಮಹಿಳೆಯರ ತಂಡಗಳು 300ಕ್ಕೂ ಜಾಸ್ತಿ. ದಕ್ಷಿಣದ ದೊಡ್ಡ ಕಾಲೇಜುಗಳ ಕೂಟವಾದ ಎಸ್‌ಇಸಿ ಪುರುಷರ ಸಾಕರ್ ನಡೆಸುವುದೇ ಇಲ್ಲ. ಹಾಗಾಗಿ ಅದರ ಸದಸ್ಯರಾದ ಕೆಂಟಕಿ, ಸೌತ್ ಕೆರೊಲಿನಾ ಈ ಒಂದು ಆಟಕ್ಕೆ ಮಾತ್ರ ಸನ್ ಬೆಲ್ಟ್ ಎಂಬ ಇನ್ನೊಂದು ಕೂಟಕ್ಕೆ ಹೋಗಿ ಆಡುತ್ತವೆ.

ನಿಮ್ಮ ಕಾಲೇಜಿಗೆ ತಂಡ ಇಲ್ಲದಿದ್ದರೆ ಬೇಜಾರು ಬೇಡ. ಪಕ್ಕದ ಊರಿನದು ನೋಡಿ. ಡಲ್ಲಾಸ್ ಸುತ್ತಮುತ್ತ ಇರುವವರಿಗೆ ಎಸ್‌ಎಂಯು ಇದೆ, ಲಾಸ್ ಏಂಜಲೀಸ್‌ನವರಿಗೆ ಯುಸಿಎಲ್‌ಎ ಇದೆ, ಬಾಸ್ಟನ್ ಕಡೆಯವರಿಗೆ ನಾರ್ತ್‌ಈಸ್ಟರ್ನ್ ಇದೆ. ಇಂಡಿಯಾನಾ, ಮೇರಿಲ್ಯಾಂಡ್, ಪಿಟ್ಸ್‌ಬರ್ಗ್, ಸಿರಾಕ್ಯೂಸ್, ಒಹಾಯೊ ಸ್ಟೇಟ್, ನಾರ್ತ್ ಕೆರೊಲಿನಾ ಸ್ಟೇಟ್‌ಗಳಲ್ಲಿ ಓದುತ್ತಿರುವವರು ಅದೃಷ್ಟವಂತರು, ಮನೆಬಾಗಿಲಲ್ಲೇ ಒಳ್ಳೆ ತಂಡ.

ಹಂತ 3: ಕ್ಯಾಲೆಂಡರ್‌ನಲ್ಲಿ ಐದು ಜಾಗ ಗುರುತು ಹಾಕಿಕೊಳ್ಳಿ

ಲೀಗ್ ಪಂದ್ಯಗಳು ಆಗಸ್ಟ್ ಕೊನೆಗೆ ಶುರುವಾಗುತ್ತವೆ. ನವೆಂಬರ್‌ನಲ್ಲಿ ಒಂದೊಂದು ಕೂಟವೂ ತನ್ನದೇ ಚಿಕ್ಕ ಟೂರ್ನಿ ಮುಗಿಸುತ್ತದೆ. ಆಮೇಲೆ ಬರುವ ಸೋಮವಾರ ಎನ್‌ಸಿಎಎ ಸಮಿತಿ ಕೂತು 48 ತಂಡಗಳ ಪಟ್ಟಿ ಪ್ರಕಟಿಸುತ್ತದೆ. ಅದೇ ವಾರ ಗುರುವಾರ ಮೊದಲ ಸುತ್ತು, ಭಾನುವಾರ ಎರಡನೇ ಸುತ್ತು. ನವೆಂಬರ್ ಕೊನೆಗೆ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ರಜೆಯ ವಾರಾಂತ್ಯಕ್ಕೆ ಮೂರನೇ ಸುತ್ತು. ಡಿಸೆಂಬರ್ ಮೊದಲ ವಾರದ ಸುಮಾರಿಗೆ ಕ್ವಾರ್ಟರ್ ಫೈನಲ್. ಅದರ ಮುಂದಿನ ವಾರ ಕಾಲೇಜ್ ಕಪ್: ಶುಕ್ರವಾರ ಎರಡೂ ಸೆಮಿಫೈನಲ್, ಸೋಮವಾರ ಫೈನಲ್.

ಉದಾಹರಣೆಗೆ 2024ರಲ್ಲಿ ಪಟ್ಟಿ ಬಂದಿದ್ದು ನವೆಂಬರ್ 18ಕ್ಕೆ, ಮೊದಲ ಸುತ್ತು 21ಕ್ಕೆ, ಎರಡನೆಯದು 24ಕ್ಕೆ, ಸೆಮಿಫೈನಲ್ ಡಿಸೆಂಬರ್ 13, ಫೈನಲ್ ಡಿಸೆಂಬರ್ 16. ಪಟ್ಟಿ ಬಂದ ಮೂರೇ ದಿನಕ್ಕೆ ಪಂದ್ಯ ಶುರು. ಆದ್ದರಿಂದ ಸೋಮವಾರ ಮಧ್ಯಾಹ್ನವೇ ನೋಡಿ, ಅವತ್ತೇ ನಿರ್ಧಾರ ಮಾಡಿ. ವಾರಾಂತ್ಯಕ್ಕೆ ನೋಡೋಣ ಅಂದುಕೊಂಡರೆ ಅಷ್ಟರಲ್ಲಿ 16 ತಂಡ ಮನೆಗೆ ಹೋಗಿರುತ್ತವೆ.

ಇಡೀ ಸೀಸನ್ ಮೂರೂವರೆ ತಿಂಗಳಿಗೆ ತುರುಕಿರುವುದರಿಂದ ಹುಡುಗರು ವಾರಕ್ಕೆ ಎರಡು ಪಂದ್ಯ ಆಡುತ್ತಾರೆ. ಡಿಸೆಂಬರ್‌ನಲ್ಲಿ ಸೆಮಿಸ್ಟರ್ ಪರೀಕ್ಷೆ ಬೇರೆ. ಸೀಸನ್ ಅನ್ನು ಎರಡೂ ಸೆಮಿಸ್ಟರ್‌ಗೆ ಹಂಚಿ ಎಂದು ಕೋಚ್‌ಗಳು ವರ್ಷಗಳಿಂದ ಕೇಳುತ್ತಲೇ ಬಂದಿದ್ದಾರೆ. ನ್ಯಾಯವಾದ ಬೇಡಿಕೆಯೇ.

ಹಂತ 4: ಬ್ರಾಕೆಟ್ ಓದುವುದನ್ನು ಕಲಿಯಿರಿ

ಬ್ರಾಕೆಟ್ ಅಂದರೆ ಯಾರಿಗೆ ಯಾರು ಎದುರು ಎಂದು ಫೈನಲ್‌ವರೆಗೂ ತೋರಿಸುವ ಪಂದ್ಯಗಳ ನಕ್ಷೆ. 48 ತಂಡಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ತಮ್ಮ ಕೂಟದ ಚಾಂಪಿಯನ್ ಆಗಿ ನೇರವಾಗಿ ಬರುತ್ತವೆ. ಉಳಿದವನ್ನು ಸಮಿತಿ ಆರಿಸುತ್ತದೆ. ಆರಿಸುವಾಗ ಎಷ್ಟು ಗೆದ್ದರು ಅನ್ನುವುದರ ಜೊತೆಗೆ ಯಾರ ಮೇಲೆ ಗೆದ್ದರು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಪ್ರತಿ ವರ್ಷ ನಾಲ್ಕಾರು ತಂಡಗಳ ಅಭಿಮಾನಿಗಳು ಅವತ್ತು ರಾತ್ರಿ ಸಮಿತಿಗೆ ಶಾಪ ಹಾಕುತ್ತಾರೆ, ಅದು ಸಂಪ್ರದಾಯ.

ಬ್ರಾಕೆಟ್‌ನಲ್ಲಿ ಕೆಲವು ಹೆಸರುಗಳ ಪಕ್ಕ 1ರಿಂದ 16ರವರೆಗೆ ಅಂಕಿ ಇರುತ್ತದೆ. ಇವು ಸೀಡ್, ಅಂದರೆ ಸಮಿತಿ ಕೊಟ್ಟ ಶ್ರೇಯಾಂಕ, ಪಡೆದ ತಂಡಗಳು. ಇವಕ್ಕೆ ಮೊದಲ ಸುತ್ತು ಇಲ್ಲ. ಉಳಿದ 32 ತಂಡಗಳು ಗುರುವಾರ ಆಡುತ್ತವೆ, ಗೆದ್ದ 16 ಭಾನುವಾರ ಸೀಡ್ ತಂಡಗಳ ಮನೆಗೆ ಹೋಗಿ ಆಡುತ್ತವೆ. ಕ್ವಾರ್ಟರ್ ಫೈನಲ್‌ವರೆಗೂ ಇದೇ ನಿಯಮ: ಉಳಿದ ಇಬ್ಬರಲ್ಲಿ ಯಾರ ಸೀಡ್ ಮೇಲಿನದೋ ಅವರ ಮೈದಾನದಲ್ಲಿ ಪಂದ್ಯ. ಮೊದಲ ಸುತ್ತಿನ ಜೋಡಿಗಳನ್ನು ಮಾಡುವಾಗ ದೂರದ ಪ್ರಯಾಣ ಕಡಿಮೆ ಆಗುವಂತೆ ನೋಡುತ್ತಾರೆ. ಹಾಗಾಗಿ ಅಕ್ಕಪಕ್ಕದ ರಾಜ್ಯದವರೇ ಎದುರಾಗುವುದು ಜಾಸ್ತಿ.

ಇದರಿಂದ ನಿಮಗೇನು ಉಪಯೋಗ ಅಂದರೆ, ಬ್ರಾಕೆಟ್ ನೋಡಿದ ಕೂಡಲೇ ಯಾವ ಊರಲ್ಲಿ ಎಷ್ಟು ಪಂದ್ಯ ಆಗಬಹುದು ಎಂದು ಹೇಳಿಬಿಡಬಹುದು. ನಿಮ್ಮ ಹತ್ತಿರದ ತಂಡಕ್ಕೆ 1ರಿಂದ 8ರ ಒಳಗಿನ ಸೀಡ್ ಇದ್ದರೆ ಎರಡನೇ ಸುತ್ತಿನ ಪಂದ್ಯ ನಿಮ್ಮೂರಲ್ಲಿ ಗ್ಯಾರಂಟಿ, ಗೆದ್ದರೆ ಮೂರನೆಯದೂ ಅಲ್ಲೇ. 9ರಿಂದ 16 ಆದರೆ ಎರಡನೇ ಸುತ್ತು ಒಂದನ್ನೇ ನಂಬಿಕೊಳ್ಳಿ. ಸೀಡ್ ಇಲ್ಲದ ತಂಡವಾದರೆ ಗುರುವಾರದ ಪಂದ್ಯ ಯಾರ ಮೈದಾನದಲ್ಲಿ ಎಂದು ನೋಡಿ. ಅದು ತಪ್ಪಿದರೆ ಮುಂದೆ ಮನೆಯಲ್ಲಿ ಆಡುವ ಸಾಧ್ಯತೆ ತೀರಾ ಕಡಿಮೆ.

ಸೀಡ್ ನೋಡಿ ಯಾರು ಗೆಲ್ಲುತ್ತಾರೆ ಎಂದು ಹೇಳಲು ಹೋಗಬೇಡಿ. 2024ರಲ್ಲಿ ಗೆದ್ದ ವರ್ಮೊಂಟ್‌ಗೆ ಸೀಡೇ ಇರಲಿಲ್ಲ. ಸ್ಕೀಯಿಂಗ್ ಬಿಟ್ಟರೆ ಬೇರೆ ಯಾವ ಆಟದಲ್ಲೂ ಆ ಯೂನಿವರ್ಸಿಟಿ ಎನ್‌ಸಿಎಎ ಪ್ರಶಸ್ತಿ ಗೆದ್ದಿರಲಿಲ್ಲ. ಪಿಟ್ಸ್‌ಬರ್ಗ್‌ಗೆ ಹೋಗಿ ಅವರನ್ನೇ ಸೋಲಿಸಿದರು, ಸೆಮಿಫೈನಲ್‌ನಲ್ಲಿ ಡೆನ್ವರ್ ಮೇಲೆ ಪೆನಾಲ್ಟಿಯಲ್ಲಿ ಗೆದ್ದರು, ಫೈನಲ್‌ನಲ್ಲಿ ಮಾರ್ಷಲ್ ಎದುರು ಒಂದು ಗೋಲು ಹಿಂದೆ ಬಿದ್ದು 81ನೇ ನಿಮಿಷದಲ್ಲಿ ಸಮ ಮಾಡಿ, ಹೆಚ್ಚುವರಿ ಸಮಯದಲ್ಲಿ 2-1ರಿಂದ ಗೆದ್ದರು. ಆ ಮಾರ್ಷಲ್ ತಂಡವೇ ಸೆಮಿಫೈನಲ್‌ನಲ್ಲಿ ನಂಬರ್ 1 ಸೀಡ್ ಒಹಾಯೊ ಸ್ಟೇಟ್ ಅನ್ನು ಹೊರಹಾಕಿತ್ತು.

ಮಾರ್ಷಲ್ ಕಥೆ ಇನ್ನೂ ಚೆನ್ನಾಗಿದೆ. ಕೋವಿಡ್‌ನಿಂದ 2020ರ ಟೂರ್ನಿ 2021ರ ವಸಂತಕ್ಕೆ ಮುಂದಕ್ಕೆ ಹೋಯಿತು, ತಂಡಗಳನ್ನು 36ಕ್ಕೆ ಇಳಿಸಿ ಎಲ್ಲವನ್ನೂ ನಾರ್ತ್ ಕೆರೊಲಿನಾದಲ್ಲೇ ಆಡಿಸಿದರು. ವೆಸ್ಟ್ ವರ್ಜೀನಿಯಾದ ಹಂಟಿಂಗ್ಟನ್ ಎಂಬ ಸಣ್ಣ ಊರಿನ ಈ ಯೂನಿವರ್ಸಿಟಿ ನಂಬರ್ 1 ಕ್ಲೆಮ್ಸನ್, ಹಿಂದಿನ ಚಾಂಪಿಯನ್ ಜಾರ್ಜ್‌ಟೌನ್, ನಾರ್ತ್ ಕೆರೊಲಿನಾ, ಕೊನೆಗೆ ಫೈನಲ್‌ನಲ್ಲಿ ಇಂಡಿಯಾನಾ, ಹೀಗೆ ಸಾಲಾಗಿ ಎಲ್ಲರನ್ನೂ ಮುಗಿಸಿತು.

ಹಂತ 5: ಒಂದು ತಂಡ ಹಿಡಿಯಿರಿ

ಯಾರ ಪರವೂ ಇಲ್ಲದೆ ನೋಡಿದರೆ ನಾಕ್‌ಔಟ್ ಸಪ್ಪೆ. ನಿಮ್ಮೂರಿನ ತಂಡ ಇಲ್ಲದಿದ್ದರೆ ಇತಿಹಾಸ ನೋಡಿ ಆರಿಸಿಕೊಳ್ಳಿ.

ಸೇಂಟ್ ಲೂಯಿಸ್ ಯೂನಿವರ್ಸಿಟಿ 10 ಸಲ ಗೆದ್ದಿದೆ, ಯಾರೂ ಅಷ್ಟು ಗೆದ್ದಿಲ್ಲ. ಆದರೆ ಕೊನೆಯದು 1973ರಲ್ಲಿ. ಹಳೆ ವೈಭವ ನೆನೆಸಿಕೊಂಡು ಕಾಯುವ ಅಭಿಮಾನಿಗಳ ಕಷ್ಟ ಬೆಂಗಳೂರಿನವರಿಗೆ ವಿವರಿಸಿ ಹೇಳಬೇಕಿಲ್ಲ. ಇಂಡಿಯಾನಾ 8 ಸಲ ಗೆದ್ದಿದೆ, ಅದರಲ್ಲಿ ಆರು ಜೆರಿ ಯೇಗ್ಲಿ ಕೋಚ್ ಆಗಿದ್ದಾಗ. ವರ್ಜೀನಿಯಾದ್ದು 7. 1991ರಿಂದ 1994ರವರೆಗೆ ಸತತ ನಾಲ್ಕು ವರ್ಷ ಗೆದ್ದಾಗ ಕೋಚ್ ಆಗಿದ್ದವರು ಬ್ರೂಸ್ ಅರೀನಾ, ಆಮೇಲೆ ಅಮೆರಿಕ ರಾಷ್ಟ್ರೀಯ ತಂಡವನ್ನು 2002ರ ವಿಶ್ವಕಪ್‌ನಲ್ಲಿ ಕ್ವಾರ್ಟರ್ ಫೈನಲ್‌ಗೆ ಒಯ್ದವರೂ ಅವರೇ. ಸ್ಟ್ಯಾನ್‌ಫರ್ಡ್ 2015ರಿಂದ 2017ರವರೆಗೆ ಹ್ಯಾಟ್ರಿಕ್ ಮಾಡಿತು. ಕ್ಲೆಮ್ಸನ್ 2021 ಮತ್ತು 2023ರಲ್ಲಿ ಗೆದ್ದಿದೆ.

ಮುಂದೆ ದೊಡ್ಡ ಹೆಸರಾಗುವವರನ್ನು ಮೊದಲೇ ನೋಡಬೇಕು ಅನ್ನುವ ಆಸೆ ಇದ್ದರೆ ಸ್ವಲ್ಪ ಹುಷಾರಾಗಿ ನಿರೀಕ್ಷೆ ಇಟ್ಟುಕೊಳ್ಳಿ. ಈಗ ತುಂಬಾ ಪ್ರತಿಭೆ ಇರುವ ಅಮೆರಿಕದ ಹುಡುಗರು 16-17ಕ್ಕೇ ಕ್ಲಬ್ ಸೇರುತ್ತಾರೆ, ಕಾಲೇಜಿಗೆ ಬರುವುದೇ ಇಲ್ಲ. ಆದರೂ ಕ್ಲಿಂಟ್ ಡೆಂಪ್ಸಿ ಫರ್ಮನ್‌ನಲ್ಲಿ, ಟಿಮ್ ರೀಮ್ ಸೇಂಟ್ ಲೂಯಿಸ್‌ನಲ್ಲಿ, ಗೋಲಿ ಮ್ಯಾಟ್ ಟರ್ನರ್ ಫೇರ್‌ಫೀಲ್ಡ್‌ನಲ್ಲಿ, ಕೆನಡಾದ ಟೇಜಾನ್ ಬುಕ್ಯಾನನ್ ಸಿರಾಕ್ಯೂಸ್‌ನಲ್ಲಿ ಆಡಿದವರು. ಈಗಿನ ತಂಡಗಳಲ್ಲಿ ಜರ್ಮನಿ, ಇಂಗ್ಲೆಂಡ್, ಸ್ಕ್ಯಾಂಡಿನೇವಿಯಾ ಕಡೆಯ ಹುಡುಗರು ತುಂಬಿದ್ದಾರೆ. ಅಲ್ಲಿನ ಅಕಾಡೆಮಿಗಳಲ್ಲಿ ಕೊನೆ ಮೆಟ್ಟಿಲು ಹತ್ತಲಾಗದವರು ಇಲ್ಲಿ ಸ್ಕಾಲರ್‌ಶಿಪ್ ಮೇಲೆ ಡಿಗ್ರಿಯನ್ನೂ ಮಾಡಿಕೊಂಡು ಆಡುತ್ತಾರೆ. ವರ್ಮೊಂಟ್‌ಗೆ ಆ ಗೆಲುವಿನ ಗೋಲು ಹೊಡೆದ ಮ್ಯಾಕ್ಸಿಮಿಲಿಯನ್ ಕಿಸೆಲ್ ಕೂಡ ಜರ್ಮನಿಯವರೇ.

ಹಂತ 6: ನಿಯಮಗಳ ವ್ಯತ್ಯಾಸ ತಿಳಿದುಕೊಳ್ಳಿ

ಐಎಸ್‌ಎಲ್, ಪ್ರೀಮಿಯರ್ ಲೀಗ್ ನೋಡಿ ಅಭ್ಯಾಸ ಇರುವವರಿಗೆ ಮೊದಲ ಪಂದ್ಯದಲ್ಲಿ ತಲೆ ಕೆಡುವುದು ಇಲ್ಲೇ. ಮೊದಲನೆಯದು ಗಡಿಯಾರ. ಅದು 45ರಿಂದ ಶುರುವಾಗಿ ಸೊನ್ನೆಗೆ ಇಳಿಯುತ್ತದೆ. ಗೋಲು ಬಿದ್ದಾಗ, ಕಾರ್ಡ್ ತೋರಿಸಿದಾಗ, ಗಾಯವಾದಾಗ ನಿಲ್ಲಿಸುತ್ತಾರೆ. ಇಂಜುರಿ ಟೈಮ್ ಅನ್ನುವುದೇ ಇಲ್ಲ. ಸ್ಕೋರ್‌ಬೋರ್ಡ್‌ನಲ್ಲಿ ಸೊನ್ನೆ ಬಂತು ಅಂದರೆ ಆಟ ಮುಗಿಯಿತು. ಕೊನೆಯ ಹತ್ತು ಸೆಕೆಂಡ್ ಜನ ಒಟ್ಟಾಗಿ ಎಣಿಸುತ್ತಾರೆ. ಚೆಂಡು ಗಾಳಿಯಲ್ಲಿದ್ದಾಗ ಹಾರ್ನ್ ಆದರೆ, ಆಮೇಲೆ ಅದು ಬಲೆಗೆ ಬಿದ್ದರೂ ಗೋಲಲ್ಲ. ಹೊರಗಿನವರು ಇದನ್ನು ನೋಡಿ ನಗುತ್ತಾರೆ. ಆದರೆ ರೆಫರಿ ಎಷ್ಟು ನಿಮಿಷ ಕೊಟ್ಟ, ಯಾಕೆ ಕೊಟ್ಟ ಎಂಬ ಜಗಳವೇ ಇಲ್ಲ ಅಲ್ವಾ? ನನಗಂತೂ ಇದು ಇಷ್ಟ.

ಎರಡನೆಯದು ಸಬ್‌ಸ್ಟಿಟ್ಯೂಷನ್. ಐದೇ ಜನ ಎಂಬ ಮಿತಿ ಇಲ್ಲ. ಹೊರಗೆ ಹೋದವರು ವಾಪಸ್ ಬರಬಹುದು ಕೂಡ. ಮೊದಲಾರ್ಧದಲ್ಲಿ ಹೊರಗೆ ಹೋದವರು ಆ ಅರ್ಧ ಮುಗಿಯುವವರೆಗೆ ಕೂರಬೇಕು. ಎರಡನೇ ಅರ್ಧದಲ್ಲಿ ಒಂದು ಸಲ ಒಳಗೆ ಬರಲು ಅವಕಾಶ ಇದೆ. ಇದರ ಪರಿಣಾಮ ಆಟದ ಮೇಲೆ ನೇರವಾಗಿ ಕಾಣುತ್ತದೆ. ಅರ್ಧ ಗಂಟೆ ಹೊತ್ತಿಗೆ ಕೋಚ್ ಮುಂದಿನ ಸಾಲನ್ನೇ ಬದಲಿಸುತ್ತಾರೆ, ಹೊಸ ಕಾಲುಗಳು ಬಂದು ಮತ್ತೆ ಓಡಲು ಶುರು ಮಾಡುತ್ತವೆ. ಆಟ ತುಂಬಾ ವೇಗ, ತುಂಬಾ ಮೈಗೆ ಮೈ ತಾಗುವಂಥದ್ದು. ಚೆಂಡನ್ನು ತಾಳ್ಮೆಯಿಂದ ಹಿಡಿದು ಆಡುವ ಚೆಂದ ಸ್ವಲ್ಪ ಕಡಿಮೆಯೇ. ಇದು ಈ ಆಟದ ದೌರ್ಬಲ್ಯ ಎಂದೇ ಹೇಳಬೇಕು.

ಮೂರನೆಯದು ಸಮಬಲ ಆದಾಗ ಏನು ಅನ್ನುವುದು. ಲೀಗ್ ಪಂದ್ಯಗಳಲ್ಲಿ 2022ರಿಂದ ಹೆಚ್ಚುವರಿ ಸಮಯ ಇಲ್ಲ, ಡ್ರಾ ಅಂದರೆ ಡ್ರಾ. ಈ ಟೂರ್ನಿಯಲ್ಲಿ ಮಾತ್ರ ಹತ್ತು ಹತ್ತು ನಿಮಿಷದ ಎರಡು ಅವಧಿ ಆಡಿಸುತ್ತಾರೆ, ಅದೂ ಗೋಲ್ಡನ್ ಗೋಲ್ ನಿಯಮದಲ್ಲಿ. ಯಾರು ಮೊದಲು ಹೊಡೆದರೂ ಪಂದ್ಯ ಅಲ್ಲಿಗೇ ಮುಗಿಯಿತು. ವಿಶ್ವಕಪ್‌ನಿಂದ ಎಂದೋ ಮಾಯವಾದ ನಿಯಮ ಇಲ್ಲಿ ಇನ್ನೂ ಜೀವಂತ. ಹಾಗಾಗಿ 90 ನಿಮಿಷ ಮುಗಿದಾಗ ಕಾಫಿ ತರಲು ಎದ್ದು ಹೋಗಬೇಡಿ. ಅದರಲ್ಲೂ ಸಮವಾದರೆ ಪೆನಾಲ್ಟಿ. ವಿಚಿತ್ರ ಅಂದರೆ, ಪೆನಾಲ್ಟಿಯಲ್ಲಿ ಗೆದ್ದ ಪಂದ್ಯ ದಾಖಲೆಯಲ್ಲಿ ಡ್ರಾ ಎಂದೇ ಉಳಿಯುತ್ತದೆ. 2019ರಲ್ಲಿ ಜಾರ್ಜ್‌ಟೌನ್, 2022ರಲ್ಲಿ ಸಿರಾಕ್ಯೂಸ್ ಎರಡೂ ಪೆನಾಲ್ಟಿಯಲ್ಲಿ 7-6ರಿಂದ ಕಪ್ ಎತ್ತಿದವು. ಹಿಂದೆ ಕಪ್ಪನ್ನೇ ಹಂಚಿಕೊಟ್ಟದ್ದೂ ಉಂಟು: 1967, 1968, 1989ರಲ್ಲಿ ಇಬ್ಬಿಬ್ಬರು ಚಾಂಪಿಯನ್ನರು.

ಹಂತ 7: ಕ್ಯಾಂಪಸ್ ಪಂದ್ಯಕ್ಕೆ ಹೋಗಿ

ಟಿಕೆಟ್ ಬೇಕಾದರೆ ಆತಿಥೇಯ ಕಾಲೇಜಿನ ಅಥ್ಲೆಟಿಕ್ಸ್ ವಿಭಾಗದ ವೆಬ್‌ಸೈಟ್‌ಗೇ ಹೋಗಿ. ಮರುಮಾರಾಟದ ತಾಣಗಳಲ್ಲಿ ಜಾಸ್ತಿ ಕೊಡುವ ಅಗತ್ಯ ಇಲ್ಲ. ಸೀಸನ್‌ನಲ್ಲಿ ವಿದ್ಯಾರ್ಥಿಗಳಿಗೆ ಫ್ರೀ ಇದ್ದ ಕಡೆಯೂ ಈ ಟೂರ್ನಿಯ ಪಂದ್ಯಕ್ಕೆ ದುಡ್ಡು ಕೊಡಬೇಕಾಗಬಹುದು, ಮೊದಲೇ ನೋಡಿಕೊಳ್ಳಿ. ಬ್ಯಾಗ್ ನಿಯಮವನ್ನೂ ಓದಿ. ಎಷ್ಟೋ ಕಡೆ ಪಾರದರ್ಶಕ ಬ್ಯಾಗ್ ಬಿಟ್ಟು ಬೇರೆ ಬಿಡುವುದಿಲ್ಲ. ಮನೆಯಿಂದ ತಂದ ಚಿತ್ರಾನ್ನದ ಡಬ್ಬಿ ಗೇಟಿನಲ್ಲೇ ಉಳಿಯುತ್ತದೆ. ಊಟ ಮುಗಿಸಿಕೊಂಡೇ ಹೋಗಿ.

ಚಳಿಯನ್ನು ಹಗುರವಾಗಿ ತಗೋಬೇಡಿ. ನವೆಂಬರ್ ಕೊನೆಗೆ ಇಂಡಿಯಾನಾ, ವರ್ಮೊಂಟ್, ನ್ಯೂಯಾರ್ಕ್ ಕಡೆ ಸಂಜೆ ಪಂದ್ಯ ಅಂದರೆ ಸೊನ್ನೆ ಡಿಗ್ರಿ ಆಸುಪಾಸು, ಹಿಮವೂ ಬೀಳಬಹುದು. ಒಂದು ದಪ್ಪ ಜಾಕೆಟ್‌ಗಿಂತ ಒಳಗೆ ಥರ್ಮಲ್, ಮೇಲೆ ಎರಡು ಮೂರು ಪದರ ಒಳ್ಳೆಯದು. ಕೈಗವಸು, ಉಣ್ಣೆ ಕಾಲುಚೀಲ ಬೇಕೇ ಬೇಕು. ಮುಖ್ಯವಾಗಿ ಕೂರಲು ಒಂದು ದಿಂಬೋ ಮಡಚಿದ ಕಂಬಳಿಯೋ ಇರಲಿ. ಗ್ಯಾಲರಿಯ ಅಲ್ಯೂಮಿನಿಯಂ ಬೆಂಚುಗಳು ಹತ್ತೇ ನಿಮಿಷದಲ್ಲಿ ಮೂಳೆವರೆಗೆ ಚಳಿ ಹತ್ತಿಸುತ್ತವೆ.

ಅರ್ಧ ಗಂಟೆ ಮುಂಚೆ ಹೋಗಿ, ವಿದ್ಯಾರ್ಥಿಗಳು ಕೂರುವ ಕಡೆಗೆ ಹತ್ತಿರ ಜಾಗ ಹಿಡಿಯಿರಿ. ಒಂದೊಂದು ಕ್ಯಾಂಪಸ್‌ಗೂ ಒಂದೊಂದು ಹುಚ್ಚು. ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ ಮೈದಾನಕ್ಕೆ ಟಾರ್ಟಿಯಾ ರೊಟ್ಟಿ ಎಸೆಯುವುದು ಅಭಿಮಾನಿಗಳ ಹಳೆ ಚಾಳಿ, ಎಷ್ಟು ಬೇಡ ಅಂದರೂ ಬಿಟ್ಟಿಲ್ಲ. ಇಂಡಿಯಾನಾದ ಬಿಲ್ ಆರ್ಮ್‌ಸ್ಟ್ರಾಂಗ್ ಸ್ಟೇಡಿಯಂನಲ್ಲಿ ಸುತ್ತ ಒಂದು ಟ್ರ್ಯಾಕ್ ಕಾಣುತ್ತದೆ. ಅದು ಓಟದ್ದಲ್ಲ, ಲಿಟಲ್ 500 ಎಂಬ ಸೈಕಲ್ ರೇಸಿನದು.

ಹಂತ 8: ಕಾಲೇಜ್ ಕಪ್‌ಗೆ ಹೋಗುವುದಾದರೆ

ಸೆಮಿಫೈನಲ್ ಮತ್ತು ಫೈನಲ್ ಮೊದಲೇ ಗೊತ್ತುಮಾಡಿದ ಊರಲ್ಲಿ ನಡೆಯುತ್ತವೆ. 2019ರಿಂದ 2022ರವರೆಗೂ, ಮತ್ತೆ 2024ರಲ್ಲೂ ಅದು ನಾರ್ತ್ ಕೆರೊಲಿನಾದ ಕ್ಯಾರಿ ಊರಿನ ವೇಕ್‌ಮೆಡ್ ಸಾಕರ್ ಪಾರ್ಕ್. 2023ರಲ್ಲಿ ಮಾತ್ರ ಕೆಂಟಕಿಯ ಲೂಯಿವಿಲ್‌ಗೆ ಹೋಗಿತ್ತು. ಊರು ಬದಲಾಗುತ್ತಿರುತ್ತದೆ, ಆ ವರ್ಷದ್ದು ನೋಡಿಕೊಂಡೇ ಟಿಕೆಟ್ ತೆಗೆಯಿರಿ.

ಕ್ಯಾರಿ ಆದರೆ ನಮ್ಮವರಿಗೆ ಅನುಕೂಲ. ಅಲ್ಲಿ, ಪಕ್ಕದ ಮಾರಿಸ್‌ವಿಲ್‌ನಲ್ಲಿ ಭಾರತೀಯರು ತುಂಬಾ ಇದ್ದಾರೆ, ಪರಿಚಯದ ಒಂದು ಕನ್ನಡದ ಮನೆ ಸಿಗುವುದು ಕಷ್ಟವಲ್ಲ. ರಾಲಿ-ಡರ್ಹಮ್ ವಿಮಾನ ನಿಲ್ದಾಣ ಹತ್ತಿರವೇ. ಶುಕ್ರವಾರಕ್ಕೂ ಸೋಮವಾರಕ್ಕೂ ಮಧ್ಯೆ ಎರಡು ದಿನ ಖಾಲಿ ಇರುತ್ತದೆ, ಕ್ಯಾರಿಯಲ್ಲೇ ಇರುವ ವೆಂಕಟೇಶ್ವರ ದೇವಸ್ಥಾನಕ್ಕೆ ಹೋಗಿ ಬರಬಹುದು. ಕಾರಿಲ್ಲದೆ ಓಡಾಟ ಕಷ್ಟ, ಬಾಡಿಗೆಗೆ ಹಿಡಿಯಿರಿ. ಒಂದೇ ದಿನ ಹೋಗಲು ಆಗುವುದಾದರೆ ಫೈನಲ್ ಬಿಡಿ, ಶುಕ್ರವಾರ ಹೋಗಿ. ಒಂದರ ಹಿಂದೆ ಒಂದು ಎರಡು ಪಂದ್ಯ, ನಾಲ್ಕು ಊರಿನ ಜನ, ಯಾರಿಗೂ ಇನ್ನೂ ಆಸೆ ಬತ್ತಿರುವುದಿಲ್ಲ.

ಹಂತ 9: ಮನೆಯಲ್ಲಿ ಕೂತು ನೋಡುವವರಿಗೆ

ಅಮೆರಿಕದಲ್ಲಿದ್ದರೆ ಸುಲಭ. ಹೆಚ್ಚಿನ ಪಂದ್ಯಗಳು ಇಎಸ್‌ಪಿಎನ್‌ನ ಸ್ಟ್ರೀಮಿಂಗ್ ಸೇವೆಯಲ್ಲಿ ಬರುತ್ತವೆ, ಫೈನಲ್ ಈಚಿನ ವರ್ಷಗಳಲ್ಲಿ ಇಎಸ್‌ಪಿಎನ್‌ಯು ಚಾನೆಲ್‌ನಲ್ಲಿ ಬಂದಿದೆ. ಒಂದು ತಿಂಗಳ ಚಂದಾ ಕಟ್ಟಿ, ಡಿಸೆಂಬರ್ ಮಧ್ಯಕ್ಕೆ ನಿಲ್ಲಿಸಿದರೆ ಸಾಕು.

ಭಾರತದಲ್ಲಿ ಆ ಚಂದಾ ಸಿಗುವುದಿಲ್ಲ. ಎನ್‌ಸಿಎಎ ವೆಬ್‌ಸೈಟ್‌ನಲ್ಲಿ ಬ್ರಾಕೆಟ್, ಲೈವ್ ಸ್ಕೋರ್ ಎರಡೂ ಫ್ರೀ. ಕೆಲವು ಕಾಲೇಜುಗಳು ತಮ್ಮ ಸೈಟ್‌ನಲ್ಲಿ ಆಡಿಯೊ ಕಾಮೆಂಟರಿ ಹಾಕುತ್ತವೆ, ಅದನ್ನು ಹುಡುಕಿ ನೋಡಿ. ರೇಡಿಯೊದಲ್ಲಿ ಕ್ರಿಕೆಟ್ ಕೇಳಿ ಬೆಳೆದವರಿಗೆ ಇದೇ ಇಷ್ಟವಾದರೂ ಆಗಬಹುದು. ಹೈಲೈಟ್ಸ್ ಆಮೇಲೆ ಯೂಟ್ಯೂಬ್‌ಗೆ ಬರುತ್ತವೆ.

ಸಮಯದ ಲೆಕ್ಕ ಹೀಗೆ. ಟೂರ್ನಿಯ ಹೊತ್ತಿಗೆ ಅಮೆರಿಕದಲ್ಲಿ ಗಡಿಯಾರ ಹಿಂದಕ್ಕೆ ತಿರುಗಿಸಿ ಆಗಿರುತ್ತದೆ. ಪೂರ್ವ ಕರಾವಳಿಯ ಸಮಯಕ್ಕೆ ಹತ್ತೂವರೆ ಗಂಟೆ, ಪಶ್ಚಿಮ ಕರಾವಳಿಯ ಸಮಯಕ್ಕೆ ಹದಿಮೂರೂವರೆ ಗಂಟೆ ಸೇರಿಸಿ. ಪೂರ್ವದಲ್ಲಿ ಶುಕ್ರವಾರ ಸಂಜೆ 6ಕ್ಕೆ ಶುರುವಾಗುವ ಪಂದ್ಯ ನಮಗೆ ಶನಿವಾರ ಬೆಳಗಿನ ಜಾವ 4.30ಕ್ಕೆ. ಪಶ್ಚಿಮದ ಸಂಜೆ 7ರ ಪಂದ್ಯ ಮರುದಿನ ಬೆಳಿಗ್ಗೆ 8.30ಕ್ಕೆ, ತಿಂಡಿ ತಿನ್ನುತ್ತಾ ಸ್ಕೋರ್ ನೋಡಬಹುದು. ನಿದ್ದೆ ಕೆಡದ ಪಂದ್ಯ ಬೇಕು ಅನ್ನುವವರು ಎರಡನೇ ಸುತ್ತಿನ ಭಾನುವಾರ ನೋಡಿ. ಪೂರ್ವದಲ್ಲಿ ಮಧ್ಯಾಹ್ನ 12ಕ್ಕೋ 1ಕ್ಕೋ ಶುರುವಾಗುವ ಪಂದ್ಯಗಳಿದ್ದರೆ ನಮಗೆ ಅದೇ ಭಾನುವಾರ ರಾತ್ರಿ 10.30, 11.30. ಫೈನಲ್ ಸೋಮವಾರ ಸಂಜೆ ಇಟ್ಟರೆ ನಮಗೆ ಮಂಗಳವಾರ ಬೆಳಿಗ್ಗೆ, ಆಫೀಸಿಗೆ ಹೊರಡುವ ಹೊತ್ತಿಗೆ ಪೆನಾಲ್ಟಿ ನಡೆಯುತ್ತಿದ್ದರೂ ಇರಬಹುದು.